ವಿಶೇಷ ಕೋರಿಕೆ

ಏಳು ಗಂಟೆಯ ಕನ್ನಡ ಪೂಜೆಗೆ ಇನ್ನೂ ಕಾಲು ಗಂಟೆ.
ತಮಿಳು ಪೂಜೆಯವರು ಹೊರಗೆ, ನಮ್ಮವರು ಒಳಗೆ.
ಬಾಗಿಲ ಬಳಿಯ ತೀರ್ಥದ ಬಟ್ಟಲಿನಲ್ಲಿ
ಬರುವ ಬೆರಳು, ಹೋಗುವ ಬೆರಳು,
ಒಂದೇ ನೀರು ಕಲಕುತ್ತವೆ.

ಸೂಸೈ ಎದ್ದ ಕುರ್ಚಿ ಇನ್ನೂ ಬೆಚ್ಚಗಿರುತ್ತದೆ,
ನಾನು ಕೂರುತ್ತೇನೆ. ಆಫೀಸಿನ ಕಿಟಕಿ, ಕೆಂಪು ಅಂಚಿನ ಪುಸ್ತಕ,
ದಾರ ಕಟ್ಟಿದ ಪೆನ್ನು.
ಪೂಜೆ ಬರೆಸುವವರು ಬಗ್ಗಿ
ಕಂಬಿಯ ಸಂದಿನಿಂದ ಹೆಸರು ತೂರಿಸುತ್ತಾರೆ.

ಚೌರಪ್ಪ, ತೀರಿಕೊಂಡು ಹನ್ನೊಂದು ತಿಂಗಳು.
ಮೋಕ್ಷಮ್ಮನ ಮಂಡಿ ಆಪರೇಷನ್ನು, ಮಂಗಳವಾರ.
ಇನ್ನಾಸಪ್ಪನ ಮೊಮ್ಮಗಳು ಪಿಯುಸಿ ಪಾಸು, ಉಪಕಾರಸ್ಮರಣೆ.
‘ಫಸ್ಟ್ ಕ್ಲಾಸು ಅಂತ ಸೇರಿಸಿ ಸಾರ್.’
ದೇವರಿಗೆ ಗೊತ್ತಿರುತ್ತಲ್ಲಪ್ಪ, ಅಂದೆ.
‘ಹಿಂದಿನ ಬೆಂಚಿನವರಿಗೆ ಗೊತ್ತಿಲ್ವಲ್ಲ.’

ಕೆಲವರು ಹೆಸರೇ ಹೇಳುವುದಿಲ್ಲ.
ನಾಲ್ಕಾಗಿ ಮಡಿಸಿದ ನೂರರ ನೋಟು,
ಮೇಲೆ ಒಂದು ಮಾತು:
‘ವಿಶೇಷ ಕೋರಿಕೆ ಅಂತ ಬರ್ಕೊಳ್ಳಿ.’
ಬರೆದುಕೊಳ್ಳುತ್ತೇನೆ. ಮುಖ ನೋಡುವುದಿಲ್ಲ,
ಅದು ಈ ಕುರ್ಚಿಯ ಕಟ್ಟಳೆ.

ಆಮೇಲೆ ಮೈಕಿನ ಮುಂದೆ ನಿಂತು
ಒಂದೊಂದೇ ಓದುತ್ತೇನೆ, ನಿಧಾನಕ್ಕೆ.
ದೂರವಾಣಿ ಕಾರ್ಖಾನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ನಾನು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ:
ಸಾಲಾಗಿ ಬರುವ ಕಪ್ಪು ಫೋನುಗಳನ್ನು ಎತ್ತಿ
ಹಲೋ ಅನ್ನುವುದು.
ಗೋಡೆಯಾಚೆ ಪಂಕಜಾಕ್ಷಿ ‘ಕೇಳ್ತಿದೆ’ ಅಂದರೆ
ಹಸಿರು ಚೀಟಿ ಅಂಟಿಸಿ ಮುಂದಕ್ಕೆ ಸರಿಸುವುದು.
ಇಲ್ಲಿ ಚೀಟಿ ಇಲ್ಲ.

ರೆಜೀನಮ್ಮ ನಾಲ್ಕು ವರ್ಷ ಬರೆಸಿದಳು.
ಗಾರ್ಮೆಂಟ್ಸಿನಲ್ಲಿ ಕಾಲರು ಹೊಲಿಯುವ ಕೈ,
ಬೆರಳ ತುದಿಗೆ ಸದಾ ಒಂದು ಎಳೆ ನೂಲು.
ಪ್ರತಿ ತಿಂಗಳ ಮೊದಲ ಭಾನುವಾರ, ವಿಶೇಷ ಕೋರಿಕೆ.
ಗಂಡನ ಕುಡಿತವೋ, ತಮ್ಮನ ಕೋರ್ಟು ಕೇಸೋ,
ಹುಟ್ಟದ ಮಗುವೋ, ನಾನು ಒಳಗೊಳಗೇ
ಊಹಿಸಿ ಊಹಿಸಿ ಆ ಸಾಲಿಗೆ ಬಂದಾಗ
ದನಿ ಸ್ವಲ್ಪ ಏರಿಸುತ್ತಿದ್ದೆ.

ಹೋದ ತಿಂಗಳು ಬಂದು ಕಿಟಕಿಗೆ ಬಗ್ಗಿ
‘ಇನ್ಮೇಲೆ ಬೇಡ ಸಾರ್, ಆಯ್ತು’ ಅಂದಳು.
ಆಯ್ತು.
ಈಡೇರಿತೋ, ಮುಗಿದೇ ಹೋಯಿತೋ.
ನಮ್ಮ ಮಾತಿನಲ್ಲಿ ಎರಡಕ್ಕೂ ಇದೊಂದೇ ಪದ.
ಕೇಳಬಹುದಿತ್ತು. ಪೂಜೆ ಮುಗಿದ ಮೇಲೆ ಅವಳು
ಹಂದಿ ಮಾಂಸದಂಗಡಿಯ ಸಾಲಿನಲ್ಲಿ ನಿಂತು
ಕೊಬ್ಬು ಕಡಿಮೆ ಹಾಕೋ ಅಂತ ಜಗಳವಾಡುತ್ತಿದ್ದಳು.
ಅದರಿಂದಲೂ ಏನೂ ತಿಳಿಯಲಿಲ್ಲ.

ಈ ಭಾನುವಾರ ಐದೂಕಾಲಿಗೇ ಬಂದೆ. ಕತ್ತಲು.
ಹೊಸಿಲು ಗುಡಿಸುತ್ತಿದ್ದ ಹುಡುಗ
‘ಏನ್ ಸಾರ್ ಇಷ್ಟೊತ್ತಿಗೇ’ ಅಂದ.
ಕಿಟಕಿಯ ಹೊರಬದಿಗೆ ಮೊದಲ ಸಲ ನಿಂತೆ,
ಕಂಬಿ ಇಷ್ಟು ತಗ್ಗಿನಲ್ಲಿದೆ ಎಂದು ಗೊತ್ತಿರಲಿಲ್ಲ;
ಬೆನ್ನು ಬಗ್ಗಿಸಲೇಬೇಕು.
‘ಯಾರ್ ಪೇರ್ಲ?’ ಅಂದ ಸೂಸೈ, ತಲೆ ಎತ್ತದೆ.
ನಂತರ ದನಿ ಗುರುತಿಸಿದ. ಆಗಲೂ ಎತ್ತಲಿಲ್ಲ.
ನೋಟು ಇಟ್ಟೆ. ಅದೇ ಮಾತು ಹೇಳಿದೆ.
ನನಗೆ ಓದಲು ಬಾರದ ಅಕ್ಷರದಲ್ಲಿ
ಅವನು ಬರೆದುಕೊಂಡ.

ಹಿಂದಿನ ಬೆಂಚು. ಮೈಕು ಕೆಮ್ಮಿತು.
ಸತ್ತವರು, ಕಾಯಿಲೆಯವರು, ಪಾಸಾದವರು,
ಯಾವ ಊರಿನ ಹೆಸರಾದರೂ ಹೆಸರು ತಿಳಿಯುತ್ತದೆ.
ನನ್ನ ಸಾಲು ಬರುವ ಹೊತ್ತಿಗೆ ಸರಿಯಾಗಿ
ಬಾಣಸವಾಡಿ ಕಡೆಯ ಗೂಡ್ಸು ರೈಲು
ಗೋಡೆಯ ಪಕ್ಕಕ್ಕೇ ಬಂದು, ಐವತ್ತು ಡಬ್ಬಿ,
ಅವನ ತುಟಿ ಮಾತ್ರ ಆಡುತ್ತಿತ್ತು.

ಅರ್ಧ ಎದ್ದಿದ್ದೆ ಆಗಲೇ.
ಕಾರ್ಖಾನೆಯ ಚಾಳಿ: ಕೇಳಿಸಲಿಲ್ಲ, ಇನ್ನೊಮ್ಮೆ!
ಬಾಯಿಗೆ ಬಂದದ್ದನ್ನು ನುಂಗಿ ಕೂತೆ.

ಪಕ್ಕದ ಮುದುಕಿ, ಯಾರೋ, ಮಲ್ಲಿಗೆ ಮುಡಿದವಳು,
ಹಾಡಿನ ಪುಸ್ತಕದಲ್ಲಿ ಪುಟ ಹುಡುಕಿ
ನನ್ನ ಕೈಗಿಟ್ಟಳು.
ಹಿಡಿದುಕೊಂಡೆ.
ಸ್ವಲ್ಪ ಹೊತ್ತು ನೋಡಿ, ಅವಳೇ
ತಲೆಕೆಳಗಾಗಿದ್ದ ಪುಸ್ತಕವನ್ನು ತಿರುಗಿಸಿ ಕೊಟ್ಟಳು.